ಗಾಳಿಗೆ ಎದೆಯೊಡ್ಡಿದ ಟೋನಿ ಮಾರ್ಟಿನ್

ಟೋನಿ ಮಾರ್ಟಿನ್ ಜರ್ಮನಿಯ ರಸ್ತೆ ಸೈಕ್ಲಿಂಗ್ ಸ್ಪರ್ಧಿ. ವೈಯಕ್ತಿಕ ಟೈಮ್ ಟ್ರಯಲ್‌ನಲ್ಲಿ 2011, 2012, 2013 ಮತ್ತು 2016ರಲ್ಲಿ ವಿಶ್ವ ಚಾಂಪಿಯನ್ ಆದವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು, ದಿನಕ್ಕೊಂದು ಹಂತದಂತೆ ವಾರಗಟ್ಟಲೆ ನಡೆಯುವ ಟೂರ್ ಡಿ ಫ್ರಾನ್ಸ್‌ನಲ್ಲಿ ಐದು ಹಂತಗಳನ್ನು ಗೆದ್ದರು, ತಮ್ಮ ದೇಶದ ಟೈಮ್ ಟ್ರಯಲ್ ಪಟ್ಟವನ್ನು ಹತ್ತು ಸಲ ಪಡೆದರು. ಟೂರ್ ಡಿ ಫ್ರಾನ್ಸ್‌ನ ಒಟ್ಟಾರೆ ಪ್ರಶಸ್ತಿ ಅವರಿಗೆ ಎಂದೂ ದಕ್ಕಲಿಲ್ಲ, ಹೆಚ್ಚಿನ ವರ್ಷಗಳಲ್ಲಿ ಅವರು ಅದಕ್ಕಾಗಿ ಸ್ಪರ್ಧಿಸಲೂ ಇಲ್ಲ. ಗಡಿಯಾರ ಒಂದೇ ಎದುರಾಳಿಯಾಗಿರುವ ಓಟದಲ್ಲಿ, ತನ್ನ ಕಾಲಕ್ಕೆ ಅವರಷ್ಟು ಪಳಗಿದವರು ಇನ್ನೊಬ್ಬರಿರಲಿಲ್ಲ.

ಟೈಮ್ ಟ್ರಯಲ್ ನೋಡಲು ತೀರಾ ಸರಳ. ಸ್ಪರ್ಧಿಗಳು ಒಬ್ಬರ ಹಿಂದೆ ಒಬ್ಬರಂತೆ, ಒಂದೋ ಎರಡೋ ನಿಮಿಷಗಳ ಅಂತರದಲ್ಲಿ, ಒಂದು ಇಳಿಜಾರು ಹಲಗೆಯ ಮೇಲಿಂದ ಹೊರಡುತ್ತಾರೆ. ನಿಗದಿಯಾದ ದೂರವನ್ನು ಯಾರು ಕಡಿಮೆ ಸಮಯದಲ್ಲಿ ಮುಗಿಸುತ್ತಾರೋ ಅವರಿಗೆ ಗೆಲುವು. ಮುಂದಿನವರನ್ನು ಹಿಡಿದರೂ ಅವರ ಬೆನ್ನಿಗೆ ಅಂಟಿಕೊಂಡು ಹೋಗುವಂತಿಲ್ಲ. ಕಷ್ಟವೆಲ್ಲ ಇರುವುದು ಈ ಕೊನೆಯ ನಿಯಮದಲ್ಲಿ. ಗುಂಪಿನಲ್ಲಿ ಸಾಗುವ ಸವಾರನಿಗೆ ಮುಂದಿನವನ ಬೆನ್ನೇ ಗೋಡೆ. ಆ ಮರೆಯಲ್ಲಿ ಅದೇ ವೇಗಕ್ಕೆ ಬಹಳ ಕಡಿಮೆ ಶಕ್ತಿ ಸಾಕು. ಒಂಟಿ ಸವಾರನಿಗೆ ಮರೆಯಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ, ಸಮತಟ್ಟಾದ ರಸ್ತೆಯ ಮೇಲೆ, ಆತನ ಶಕ್ತಿಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಬೇಕಾದ ಶಕ್ತಿ ಎಂಟು ಪಟ್ಟು. ಕಲಬುರಗಿ ಸೀಮೆಯ ತೊಗರಿ ಹೊಲಗಳ ನಡುವೆ, ಒಂದು ಗಿಡದ ಮರೆಯೂ ಇಲ್ಲದ ರಸ್ತೆಯಲ್ಲಿ ಎದುರುಗಾಳಿಗೆ ಸೈಕಲ್ ತುಳಿದು ಶಾಲೆಗೆ ಹೋದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾರ್ಟಿನ್ ಹುಟ್ಟಿದ್ದು 1985ರ ಏಪ್ರಿಲ್ 23ರಂದು, ಆಗಿನ ಪೂರ್ವ ಜರ್ಮನಿಯ ಕಾಟ್‌ಬುಸ್ ಪಟ್ಟಣದಲ್ಲಿ. 1989ರಲ್ಲಿ, ಬರ್ಲಿನ್ ಗೋಡೆ ಬೀಳುವ ಮುಂಚೆಯೇ, ತಂದೆತಾಯಿ ಮಗನನ್ನು ಕರೆದುಕೊಂಡು ಹಂಗೇರಿಯ ಹಾದಿಯಾಗಿ ಪಶ್ಚಿಮಕ್ಕೆ ಪಾರಾದರು. ಹಂಗೇರಿ ತನ್ನ ಗಡಿಯ ಬೇಲಿ ತೆಗೆದಿದ್ದ ಆ ಬೇಸಿಗೆಯಲ್ಲಿ ಸಾವಿರಾರು ಪೂರ್ವ ಜರ್ಮನ್ ಕುಟುಂಬಗಳು ಹಾಗೆಯೇ ಮನೆ ತೊರೆದಿದ್ದವು. ಕುಟುಂಬ ಫ್ರಾಂಕ್‌ಫರ್ಟ್ ಬಳಿ ನೆಲೆಸಿತು, ಹುಡುಗ ಅಲ್ಲಿಯೇ ಸ್ಪರ್ಧೆಯ ಸೈಕಲ್ ಹತ್ತಿದ. ಮುಂದೆ ಕ್ರೀಡಾಶಾಲೆಗೆಂದು ಎರ್ಫರ್ಟ್‌ಗೆ, ಅಂದರೆ ಮತ್ತೆ ಪೂರ್ವದ ಕಡೆಗೇ, ಹೋದ. ಸೈಕ್ಲಿಂಗ್ ಕೈಹಿಡಿಯದಿದ್ದರೆ ಬದುಕಿಗೊಂದು ದಾರಿ ಇರಲೆಂದು ಪೊಲೀಸ್ ತರಬೇತಿಯನ್ನೂ ಮುಗಿಸಿದ. ಆಟೋಟದಲ್ಲಿ ಮುಂದೆ ಬಂದ ಮಕ್ಕಳಿಗೆ ಪೊಲೀಸ್ ಇಲಾಖೆಯೋ ರೈಲ್ವೆಯೋ ಆಸರೆಯಾಗುವುದು ನಮ್ಮಲ್ಲೂ ಇದ್ದದ್ದೇ.

ಆತ ವೃತ್ತಿಪರನಾಗಲು ಹೊರಟ ಹೊತ್ತು ಜರ್ಮನ್ ಸೈಕ್ಲಿಂಗ್‌ಗೆ ಅತ್ಯಂತ ಕೆಟ್ಟ ಹೊತ್ತು. 1997ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದು ದೇಶದ ಕಣ್ಮಣಿಯಾಗಿದ್ದ ಯಾನ್ ಉಲ್‌ರಿಷ್ ಅವರನ್ನು 2006ರ ಟೂರ್ ಆರಂಭವಾಗುವ ಮುನ್ನವೇ ಮನೆಗೆ ಕಳುಹಿಸಲಾಯಿತು. ಸ್ಪೇನ್‌ನಲ್ಲಿ ಬಯಲಾದ ಉದ್ದೀಪನ ಮದ್ದಿನ ಜಾಲದಲ್ಲಿ ಅವರ ಹೆಸರು ಕೇಳಿಬಂದಿತ್ತು. 2007ರಲ್ಲಿ ಮತ್ತೊಬ್ಬ ಜರ್ಮನ್ ಸವಾರನ ಪರೀಕ್ಷೆಯ ಫಲಿತಾಂಶ ಹೊರಬಿದ್ದಾಗ, ಟೂರ್ ಇನ್ನೂ ನಡೆಯುತ್ತಿರುವಾಗಲೇ ಜರ್ಮನಿಯ ಸಾರ್ವಜನಿಕ ಟಿವಿ ವಾಹಿನಿಗಳು ನೇರ ಪ್ರಸಾರ ನಿಲ್ಲಿಸಿದವು. ದೇಶದ ದೊಡ್ಡ ತಂಡವಾಗಿದ್ದ ಟಿ-ಮೊಬೈಲ್‌ನ ಪ್ರಾಯೋಜಕರು ಆ ವರ್ಷದ ಕೊನೆಗೆ ಕೈತೊಳೆದುಕೊಂಡರು. ಉಳಿದ ತಂಡ ಹೈ ರೋಡ್ ಎಂಬ ಹೊಸ ಹೆಸರಿನಲ್ಲಿ ನಿಂತಿತು. 2008ರಲ್ಲಿ ಮಾರ್ಟಿನ್ ಸೇರಿದ್ದು ಇದೇ ತಂಡವನ್ನು. ತಾನು ಮಾಡದ ತಪ್ಪಿನ ನೆರಳಿನಲ್ಲಿ ವೃತ್ತಿ ಆರಂಭಿಸಬೇಕಾದ ಪೀಳಿಗೆ ಅದು. ಜರ್ಮನ್ ಸವಾರರಾದ ಮಾರ್ಸೆಲ್ ಕಿಟೆಲ್, ಜಾನ್ ಡೇಗೆನ್‌ಕೋಲ್ಬ್, ಆಂದ್ರೆ ಗ್ರೈಪೆಲ್ ಅವರ ಜೊತೆ ಸೇರಿ, ಜರ್ಮನಿಯ ಜನ ಈ ಕ್ರೀಡೆಯನ್ನು ಮತ್ತೆ ನಂಬುವಂತೆ ಮಾಡಿದ್ದು ಮಾರ್ಟಿನ್ ಅವರ ಪದಕಗಳಷ್ಟೇ ತೂಕದ ಕೆಲಸ. ಜರ್ಮನ್ ಟಿವಿ 2015ರಲ್ಲಿ ಟೂರ್‌ನ ನೇರ ಪ್ರಸಾರಕ್ಕೆ ಮರಳಿತು. 2017ರ ಟೂರ್ ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲೇ ಆರಂಭವಾಯಿತು.

ಮೊದಲ ವರ್ಷವೇ, 2008ರ ಇಟಲಿ ಪ್ರವಾಸ ಸ್ಪರ್ಧೆಯ ಕೊನೆಯ ದಿನದ ಟೈಮ್ ಟ್ರಯಲ್‌ನಲ್ಲಿ, ಮಾರ್ಟಿನ್ ತಮ್ಮದೇ ತಂಡದ ಮಾರ್ಕೊ ಪಿನೋಟಿ ಹಿಂದೆ ಎರಡನೆಯವರಾದರು. 2009ರ ಟೂರ್‌ನಲ್ಲಿ ಕೆಲವು ದಿನ ಯುವ ಸವಾರರ ಬಿಳಿ ಅಂಗಿ ತೊಟ್ಟರು, ಮೋಂಟ್ ವಾಂಟೂ ಬೆಟ್ಟದ ಹಂತದಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. 1.85 ಮೀಟರ್ ಎತ್ತರ, 75 ಕಿಲೋ ತೂಕದ ಆಳು ಅಂಥ ಬೆಟ್ಟ ಹತ್ತಿದ್ದು ಕಂಡು, ಈತ ಮುಂದೊಂದು ದಿನ ಟೂರ್ ಗೆಲ್ಲುವ ಸವಾರನಾದಾನು ಎಂದು ಹಲವರು ಎಣಿಸಿದರು. ಆ ಎಣಿಕೆ ಫಲಿಸಲಿಲ್ಲ. ಬೆಟ್ಟಗಳಿಗೆ ಬೇಕಾದ ಹಗುರ ಮೈ ಅವರದಲ್ಲ. ಅವರ ಬಲವೆಲ್ಲ ಇದ್ದದ್ದು ಸಮತಟ್ಟಾದ ಹಾದಿಯಲ್ಲಿ, ಒಂದೇ ಹದದಲ್ಲಿ, ಮುಕ್ಕಾಲು ಗಂಟೆ ಒಂದು ಗಂಟೆ ಬಿಡದೆ ತುಳಿಯುವುದರಲ್ಲಿ.

ಆ ರಾಜ್ಯಕ್ಕೆ ಆಗ ಸ್ವಿಟ್ಜರ್ಲೆಂಡ್‌ನ ಫಾಬಿಯಾನ್ ಕಾನ್ಸೆಲಾರಾ ಅರಸ. 2009 ಮತ್ತು 2010ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಕಾನ್ಸೆಲಾರಾಗೆ ಚಿನ್ನ, ಮಾರ್ಟಿನ್‌ಗೆ ಎರಡೂ ಸಲ ಕಂಚು. 2010ರ ಟೂರ್‌ನಲ್ಲಿ ರಾಟರ್‌ಡ್ಯಾಮ್‌ನ ಮೊದಲ ದಿನವೂ, ಪೊಯಾಕ್‌ನ ಉದ್ದದ ಟೈಮ್ ಟ್ರಯಲ್‌ನಲ್ಲೂ, ಮತ್ತೆ ಕಾನ್ಸೆಲಾರಾ ಹಿಂದೆ ಎರಡನೆಯ ಸ್ಥಾನ.

2011ರಲ್ಲಿ ತಕ್ಕಡಿ ವಾಲಿತು. ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ಸ್ಪರ್ಧೆಯ ಒಟ್ಟಾರೆ ಗೆಲುವು. ಜುಲೈನಲ್ಲಿ ಗ್ರೆನೋಬಲ್‌ನಲ್ಲಿ ಟೂರ್‌ನ ಮೊದಲ ಹಂತ ವಿಜಯ. ಆ ದಿನ ಅವರಿಗಿಂತ ಏಳು ಸೆಕೆಂಡ್ ಹಿಂದೆ ಬಂದ ಕ್ಯಾಡೆಲ್ ಎವನ್ಸ್‌ಗೆ, ಒಟ್ಟಾರೆ ಮುಂದಿರುವವರು ತೊಡುವ ಹಳದಿ ಅಂಗಿಯೂ, ಅದರೊಂದಿಗೆ ಟೂರ್ ಕೂಡ ದಕ್ಕಿತು. ಸೆಪ್ಟೆಂಬರ್‌ನಲ್ಲಿ ಕೋಪನ್‌ಹೇಗನ್‌ನ ಬೀದಿಗಳಲ್ಲಿ 46.4 ಕಿಲೋಮೀಟರ್‌ಗಳನ್ನು 54 ನಿಮಿಷದೊಳಗೆ ಮುಗಿಸಿ ಅವರು ಮೊದಲ ಬಾರಿ ವಿಶ್ವ ಚಾಂಪಿಯನ್ ಆದರು. ಎರಡನೆಯವರಾದ ಬ್ರಿಟನ್ನಿನ ಬ್ರಾಡ್ಲಿ ವಿಗಿನ್ಸ್ ಒಂದು ನಿಮಿಷಕ್ಕೂ ಹೆಚ್ಚು ಹಿಂದೆ ಉಳಿದರು, ಕಾನ್ಸೆಲಾರಾ ಮೂರನೆಯವರು. ಸೆಕೆಂಡುಗಳಲ್ಲಿ ಸೋಲುಗೆಲುವು ನಿಲ್ಲುವ ಈ ಆಟದಲ್ಲಿ ಒಂದು ನಿಮಿಷ ಬಲು ದೊಡ್ಡ ಅಂತರ.

ಆ ವೇಗದ ಹಿಂದೆ ಕಾಲಿನ ಬಲದಷ್ಟೇ ಮೈಯ ಭಂಗಿಯ ಕೆಲಸವಿತ್ತು. ಟೈಮ್ ಟ್ರಯಲ್ ಸೈಕಲ್‌ನ ಹ್ಯಾಂಡಲ್‌ನಿಂದ ಎರಡು ಕೊಂಬುಗಳು ಮುಂದಕ್ಕೆ ಚಾಚಿರುತ್ತವೆ. ಮೊಣಕೈ ಊರಿ, ಕೈಗಳನ್ನು ಅವುಗಳ ಉದ್ದಕ್ಕೂ ಚಾಚಿ, ಬೆನ್ನನ್ನು ನೆಲಕ್ಕೆ ಸಮನಾಗಿ ಬಗ್ಗಿಸಿ, ಗದ್ದವನ್ನು ಕೈಗಳ ಹತ್ತಿರಕ್ಕೆ ತಂದು ಕೂರಬೇಕು. ಹಿಂದಿನ ಗಾಲಿಗೆ ಕಡ್ಡಿಗಳಿರುವುದಿಲ್ಲ, ಪೂರ್ತಿ ಮುಚ್ಚಿದ ತಟ್ಟೆ ಅದು. ಮಾರ್ಟಿನ್ ಹೀಗೆ ಮೈ ಮಡಿಸಿ ಕೂತರೆ ಕೊನೆಯ ತನಕ ಅಲುಗುತ್ತಿರಲಿಲ್ಲ. ಅಲುಗದಿರಲು ಅವರು ಕಂಡುಕೊಂಡ ಉಪಾಯವೊಂದು ಸೈಕಲ್ ವಲಯದಲ್ಲಿ ದಂತಕಥೆಯಾಗಿದೆ. ಅಷ್ಟು ಬಾಗಿ ಬಲವಾಗಿ ತುಳಿಯುವಾಗ ಮೈ ಸೀಟಿನ ಮೇಲೆ ಮುಂದಕ್ಕೆ ಜಾರುತ್ತದೆ, ಜಾರಿದವನು ಮತ್ತೆ ಹಿಂದೆ ಸರಿಯಬೇಕು, ಪ್ರತಿ ಸಲ ಸರಿದಾಗಲೂ ಲಯ ತಪ್ಪುತ್ತದೆ. ಅದಕ್ಕೆ ಬಡಗಿ ಮರ ಉಜ್ಜುವ ಉಪ್ಪು ಕಾಗದದಂಥ ಒರಟು ಪಟ್ಟಿಯನ್ನೇ ಅವರು ಸೀಟಿನ ಮೂತಿಗೆ ಅಂಟಿಸಿಕೊಂಡರು. ಜಾರುವುದು ನಿಂತಿತು. ಆದರೆ ಸ್ಪರ್ಧೆ ಮುಗಿಯುವ ಹೊತ್ತಿಗೆ ಚಡ್ಡಿ ಹರಿದು ಚರ್ಮ ಕಿತ್ತು ರಕ್ತ ಬಂದಿರುತ್ತಿತ್ತು. ಆ ನೋವನ್ನು ಅವರು ಮುಂಗಡವಾಗಿ ಲೆಕ್ಕಕ್ಕೆ ಹಿಡಿದೇ ಸೈಕಲ್ ಹತ್ತುತ್ತಿದ್ದರು.

ಅವರ ಸೈಕಲ್‌ನ ಪೆಡಲ್ ಬಳಿಯ ಹಲ್ಲುಚಕ್ರವೂ ಹಾಗೆಯೇ ಹೆಸರಾಯಿತು. ಅದರಲ್ಲಿ 58 ಹಲ್ಲುಗಳಿದ್ದವು. ಹಿಂದಿನ ಗಾಲಿಯ ಅತಿ ಚಿಕ್ಕ ಚಕ್ರಕ್ಕೆ 11 ಹಲ್ಲು. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 11 ಮೀಟರ್ ಮುಂದೆ ಹೋಗುತ್ತದೆ. ನಮ್ಮೂರಿನ ಸಾದಾ ಸೈಕಲ್‌ನಲ್ಲಿ ಅದೇ ಒಂದು ಸುತ್ತಿಗೆ ದಾಟುವುದು ಐದಾರು ಮೀಟರ್. ಆ ಭಾರದ ಗೇರನ್ನು ಸಾಮಾನ್ಯ ಸವಾರ ನಾಲ್ಕು ನಿಮಿಷ ತುಳಿದರೆ ಮೊಣಕಾಲು ಹಿಡಿದುಕೊಂಡು ಕೂರುತ್ತಾನೆ. ಉಕ್ಕಿನ ಕವಚ ತೊಟ್ಟ ಯುದ್ಧವಾಹನದ ಜರ್ಮನ್ ಹೆಸರೇ ಅವರಿಗೆ ಅಡ್ಡಹೆಸರಾಯಿತು, ‘ಪಾಂಟ್ಸರ್‌ವಾಗನ್’ ಎಂದು.

2012 ಆ ಕವಚವನ್ನೂ ಪರೀಕ್ಷಿಸಿತು. ಏಪ್ರಿಲ್‌ನಲ್ಲಿ ಅಭ್ಯಾಸದ ವೇಳೆ ಕಾರು ಡಿಕ್ಕಿಯಾಗಿ ದವಡೆ ಮತ್ತು ಕೆನ್ನೆಯ ಮೂಳೆಗಳು ಮುರಿದವು. ಚೇತರಿಸಿಕೊಂಡು ಟೂರ್‌ಗೆ ಬಂದರೆ ಮೊದಲ ದಿನದ ಟೈಮ್ ಟ್ರಯಲ್‌ನಲ್ಲಿ ಟೈರ್ ಪಂಕ್ಚರ್, ಮರುದಿನ ಬಿದ್ದು ಮಣಿಕಟ್ಟಿನ ಮೂಳೆಗೆ ಪೆಟ್ಟು. ಪಟ್ಟಿ ಕಟ್ಟಿಕೊಂಡೇ ಒಂದು ವಾರ ಸವಾರಿ ಮಾಡಿ ಕೊನೆಗೆ ಟೂರ್ ಬಿಟ್ಟು ಒಲಿಂಪಿಕ್ಸ್‌ಗೆ ಸಜ್ಜಾದರು. ಆಗಸ್ಟ್ 1ರಂದು ಲಂಡನ್‌ನಲ್ಲಿ ಆಗಷ್ಟೇ ಟೂರ್ ಗೆದ್ದು ಬಂದಿದ್ದ ವಿಗಿನ್ಸ್ ತವರು ಜನರ ಎದುರು ಚಿನ್ನ ಗೆದ್ದರು. 42 ಸೆಕೆಂಡ್ ಹಿಂದೆ ಮಾರ್ಟಿನ್‌ಗೆ ಬೆಳ್ಳಿ, ಕ್ರಿಸ್ ಫ್ರೂಮ್‌ಗೆ ಕಂಚು. ಕೂಡಿಕೊಳ್ಳುತ್ತಿದ್ದ ಕೈಮೂಳೆ ಹೊತ್ತು ಗೆದ್ದ ಆ ಬೆಳ್ಳಿಯನ್ನು ಅವರ ನಾಲ್ಕು ಚಿನ್ನಗಳ ಸಾಲಿನಲ್ಲೇ ಇಡಬೇಕು. ಸೆಪ್ಟೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ವಾಲ್ಕೆನ್‌ಬರ್ಗ್‌ನಲ್ಲಿ ಅಮೆರಿಕದ ಟೇಲರ್ ಫಿನಿಯನ್ನು ಬರೀ ಐದು ಸೆಕೆಂಡ್‌ಗಳಿಂದ ಹಿಂದಿಕ್ಕಿ ವಿಶ್ವ ಪಟ್ಟ ಉಳಿಸಿಕೊಂಡರು. ಅದೇ ವಾರ ತಮ್ಮ ಹೊಸ ತಂಡ ಒಮೆಗಾ ಫಾರ್ಮಾ–ಕ್ವಿಕ್‌ಸ್ಟೆಪ್ ಜೊತೆ ತಂಡ ಟೈಮ್ ಟ್ರಯಲ್‌ನ ವಿಶ್ವ ಪ್ರಶಸ್ತಿಯನ್ನೂ ಗೆದ್ದರು.

2013ರ ಟೂರ್ ಕಾರ್ಸಿಕಾ ದ್ವೀಪದಲ್ಲಿ ಆರಂಭವಾಯಿತು. ಮೊದಲ ದಿನವೇ ಒಂದು ತಂಡದ ಬಸ್ಸು ಗುರಿಯ ಕಮಾನಿನ ಕೆಳಗೆ ಸಿಕ್ಕಿಕೊಂಡು, ಓಟ ಎಲ್ಲಿ ಮುಗಿಯುತ್ತದೆಂದು ಯಾರಿಗೂ ತಿಳಿಯದ ಗೊಂದಲದಲ್ಲಿ ದೊಡ್ಡ ಗುಂಪು ಉರುಳಿಬಿತ್ತು. ಮಾರ್ಟಿನ್ ಅವರ ಬೆನ್ನು, ಭುಜ, ತೊಡೆಗಳ ಚರ್ಮ ಸುಲಿದುಹೋಯಿತು, ಶ್ವಾಸಕೋಶಕ್ಕೂ ಪೆಟ್ಟಾಯಿತು, ಅವರು ಪ್ರಜ್ಞೆ ತಪ್ಪಿದ್ದರು. ಮರುದಿನ ಬೆಳಿಗ್ಗೆ ಮೈತುಂಬ ಪಟ್ಟಿ ಕಟ್ಟಿಕೊಂಡು ಮತ್ತೆ ಸೈಕಲ್ ಹತ್ತಿದರು. ಹನ್ನೊಂದನೆಯ ಹಂತ ಮಾಂಟ್ ಸೇಂಟ್ ಮಿಷೆಲ್‌ಗೆ 33 ಕಿಲೋಮೀಟರ್‌ಗಳ ಟೈಮ್ ಟ್ರಯಲ್. ಕಲಬುರಗಿಯ ಬ್ರಹ್ಮಪುರದಿಂದ ಹೊರಟು ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ ಇನ್ನೇನು ಬಂತು ಅನ್ನುವಷ್ಟು ದೂರ ಅದು. ಮಾರ್ಟಿನ್ ಅದನ್ನು 36 ನಿಮಿಷ 29 ಸೆಕೆಂಡ್‌ಗಳಲ್ಲಿ, ಗಂಟೆಗೆ 54 ಕಿಲೋಮೀಟರ್ ಮೀರಿದ ಸರಾಸರಿಯಲ್ಲಿ ಮುಗಿಸಿದರು. ಊರೂರಿಗೆ ನಿಲ್ಲುವ ಬಸ್ಸು ಅವರ ಹಿಂದೆ ಉಳಿಯುತ್ತಿತ್ತು. ಆ ಟೂರ್ ಗೆದ್ದ ಫ್ರೂಮ್ ಅಂದು 12 ಸೆಕೆಂಡ್ ತಡವಾಗಿ ಬಂದರು.

ಅದೇ ವರ್ಷ ಸ್ಪೇನ್ ಪ್ರವಾಸ ಸ್ಪರ್ಧೆಯ ಆರನೆಯ ಹಂತ. ಗಿಹುಯೆಲೊದಿಂದ ಕಾಸೆರೆಸ್‌ಗೆ 175 ಕಿಲೋಮೀಟರ್. ಬಾವುಟ ಬಿದ್ದ ಕೂಡಲೇ ಮಾರ್ಟಿನ್ ಒಬ್ಬರೇ ಗುಂಪಿನಿಂದ ಹೊರಬಿದ್ದರು. ಜೊತೆಗೆ ಯಾರೂ ಬರಲಿಲ್ಲ. ಒಬ್ಬನೇ ಎಷ್ಟು ದೂರ ಹೋದಾನು, ಬೇಕೆಂದಾಗ ಹಿಡಿದರಾಯಿತು ಎಂದು ಸುಮಾರು ಇನ್ನೂರು ಮಂದಿಯ ಗುಂಪು ಸುಮ್ಮನಿತ್ತು. ವಿಶ್ವ ಚಾಂಪಿಯನ್‌ಷಿಪ್ ಹತ್ತಿರವಿತ್ತು, ಮಾರ್ಟಿನ್‌ಗೆ ಇದೊಂದು ಉದ್ದನೆಯ ಅಭ್ಯಾಸವೂ ಆಗಿತ್ತು. ಗುರಿ 20 ಕಿಲೋಮೀಟರ್ ಇರುವಾಗ ಗುಂಪು ಅವರ ಬೆನ್ನ ಹಿಂದೆಯೇ ಬಂದಿತ್ತು, ಇನ್ನು ಮುಗಿಯಿತು ಎಂದೇ ಎಲ್ಲರೂ ತಿಳಿದರು. ಅಲ್ಲಿಂದ ಮುಂದೆ ಅಂತರ ಕರಗಲೇ ಇಲ್ಲ. ತಂಡಗಳು ಸರದಿಯ ಮೇಲೆ ಮುಂದೆ ಬಂದು ಎಳೆದವು, ಅವರು ತಲೆ ಎತ್ತದೆ ಅದೇ ಭಂಗಿಯಲ್ಲಿ ತುಳಿಯುತ್ತಲೇ ಹೋದರು. ಕೊನೆಯ ಒಂದು ಕಿಲೋಮೀಟರ್‌ನಲ್ಲೂ ಅವರೇ ಮುಂದೆ. ಗೆರೆಗೆ ಇಪ್ಪತ್ತು ಮೀಟರ್ ಇದೆ ಅನ್ನುವಾಗ ಗುಂಪಿನ ಮುಂಚೂಣಿ ಅವರ ಎಡಬಲದಿಂದ ನುಗ್ಗಿತು. ಗೆದ್ದದ್ದು ಡೆನ್ಮಾರ್ಕಿನ ಮೈಕೆಲ್ ಮೋರ್ಕೊವ್, ಮಾರ್ಟಿನ್‌ಗೆ ಏಳನೆಯ ಸ್ಥಾನ. ಅಂದು ಯಾರು ಗೆದ್ದರೆಂದು ಸೈಕ್ಲಿಂಗ್ ಪ್ರಿಯರು ಮರೆತಿರಬಹುದು, ಏಳನೆಯವರು ಯಾರೆಂದು ಮರೆತಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಅವರು ವಿಗಿನ್ಸ್‌ರನ್ನು 46 ಸೆಕೆಂಡ್‌ಗಳಿಂದ ಸೋಲಿಸಿ ಸತತ ಮೂರನೆಯ ವಿಶ್ವ ಪಟ್ಟ ಗೆದ್ದರು.

ಮುಂದಿನ ವರ್ಷ ಟೂರ್‌ನಲ್ಲಿ ಎರಡು ಹಂತಗಳು ಒಲಿದವು. ಬೆಟ್ಟಗಾಡು ದಾಟಿ ಮುಲೂಸ್‌ಗೆ ಒಂಟಿಯಾಗಿ ಬಂದು ಗೆದ್ದದ್ದು ಒಂದು, ಪೆರಿಗೂವಿನ 54 ಕಿಲೋಮೀಟರ್ ಟೈಮ್ ಟ್ರಯಲ್ ಇನ್ನೊಂದು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಾತ್ರ ಈ ಸಲ ವಿಗಿನ್ಸ್ ಗೆದ್ದರು.

2015ರ ಟೂರ್‌ನ ಮೊದಲ ವಾರ ಮಾರ್ಟಿನ್ ವೃತ್ತಿಜೀವನದ ಸಿಹಿಕಹಿಯೆಲ್ಲ ಒಟ್ಟಿಗೆ ಬಂದ ವಾರ. ಉಟ್ರೆಕ್ಟ್‌ನ ಮೊದಲ ದಿನ ಐದು ಸೆಕೆಂಡ್‌ಗಳಿಂದ ಹಳದಿ ಅಂಗಿ ತಪ್ಪಿತು. ಎರಡನೆಯ ದಿನ ಅದು ಕಾನ್ಸೆಲಾರಾ ಪಾಲಾಯಿತು. ಮೂರನೆಯ ದಿನ ಫ್ರೂಮ್‌ಗೆ ಹೋಯಿತು, ಒಂದೇ ಸೆಕೆಂಡ್ ವ್ಯತ್ಯಾಸದಲ್ಲಿ. ನಾಲ್ಕನೆಯ ದಿನ ಕಲ್ಲು ಹಾಸಿನ ಹಳೆಯ ಹಾದಿಗಳ ಮೇಲೆ ಕಾಂಬ್ರೆಗೆ ಓಟ. ಗುರಿ ಹತ್ತಿರವಾಗುತ್ತಿದ್ದಾಗ ಮಾರ್ಟಿನ್ ಸೈಕಲ್ ಪಂಕ್ಚರ್ ಆಯಿತು. ತಂಡದ ಜೊತೆಗಾರ ಮಟೇಯೊ ಟ್ರೆಂಟಿನ್ ತನ್ನ ಸೈಕಲನ್ನೇ ಇಳಿದುಕೊಟ್ಟರು. ಅಳತೆ ಬೇರೆ, ಬ್ರೇಕ್‌ಗಳೂ ಎಡಬಲ ಅದಲುಬದಲು. ಅದರ ಮೇಲೆಯೇ ಗುಂಪನ್ನು ಸೇರಿಕೊಂಡ ಮಾರ್ಟಿನ್, ಮೂರು ಕಿಲೋಮೀಟರ್ ಉಳಿದಿರುವಾಗ ಒಮ್ಮೆಲೇ ಮುನ್ನುಗ್ಗಿ, ಮೂರು ಸೆಕೆಂಡ್ ಮುಂದಾಗಿ ಗೆದ್ದು ಹಳದಿ ಅಂಗಿ ತೊಟ್ಟರು. ಎರಡು ದಿನಗಳ ಬಳಿಕ ಲ ಆವ್ರ್ ಪಟ್ಟಣದ ಗುರಿಗೆ ಒಂದು ಕಿಲೋಮೀಟರ್ ಇರುವಾಗ ಗಾಲಿಗೆ ಗಾಲಿ ತಗುಲಿ ಬಿದ್ದರು, ಎಡ ಕೊರಳೆಲುಬು ಮುರಿಯಿತು. ಜೊತೆಗಾರರು ಬೆನ್ನಿಗೆ ಕೈಕೊಟ್ಟು ತಳ್ಳುತ್ತ ಅವರನ್ನು ಗೆರೆ ದಾಟಿಸಿದರು. ಕೊನೆಯ ಮೂರು ಕಿಲೋಮೀಟರ್‌ನಲ್ಲಿ ಬಿದ್ದವರಿಗೆ ಸಮಯ ನಷ್ಟವಿಲ್ಲ ಎಂಬ ನಿಯಮದಿಂದ ಅಂಗಿ ಅವರದಾಗಿಯೇ ಉಳಿಯಿತು. ಮರುದಿನ ಬೆಳಿಗ್ಗೆ ಅದನ್ನು ತೊಟ್ಟು ಹೊರಡಲು ಅವರು ಇರಲಿಲ್ಲ.

ಆ ಬಳಿಕ ವೇಗ ತಗ್ಗಿತು. 2016ರಲ್ಲಿ ಗಾಳಿಯ ತಡೆ ಇನ್ನಷ್ಟು ಕಡಿಮೆಯಾಗಲೆಂದು ವರ್ಷಗಳಿಂದ ರೂಢಿಯಾಗಿದ್ದ ಭಂಗಿ ಬದಲಿಸಿದರು. ರಿಯೊ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು 12ನೆಯ ಸ್ಥಾನ. ಹಳೆಯ ಭಂಗಿಗೆ ಮರಳಿ, ಎರಡು ತಿಂಗಳ ನಂತರ ಕತಾರಿನ ದೋಹಾಕ್ಕೆ ಹೋದರು. 40 ಕಿಲೋಮೀಟರ್ ಸಮತಟ್ಟಾದ ರಸ್ತೆ, ಮರುಭೂಮಿಯ ಬಿಸಿಲು. ಅಂದು ಅವರು ಹಿಂದಿನ ವರ್ಷದ ಚಾಂಪಿಯನ್ ಬೆಲಾರುಸ್‌ನ ವಾಸಿಲ್ ಕಿರಿಯೆಂಕಾಗಿಂತ 45 ಸೆಕೆಂಡ್ ಮುಂಚೆ ಗುರಿ ಮುಟ್ಟಿ, ನಾಲ್ಕು ವಿಶ್ವ ಪಟ್ಟಗಳ ಕಾನ್ಸೆಲಾರಾ ದಾಖಲೆಯನ್ನು ಸರಿಗಟ್ಟಿದರು. ಆ ಸ್ಪರ್ಧೆಯಲ್ಲಿ ಕನ್ನಡನಾಡಿಗೆ ಹತ್ತಿರದ ಸಂಗತಿಯೊಂದಿದೆ. ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದ ನವೀನ್ ಜಾನ್, ಜೊತೆಗೆ ಭಾರತದ ಅರವಿಂದ್ ಪನ್ವಾರ್, ಅದೇ ದಿನ ಅದೇ ರಸ್ತೆಯಲ್ಲಿ ಅದೇ ಗಡಿಯಾರದ ಎದುರು ಸೈಕಲ್ ತುಳಿದರು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರೀಯ ಕೂಟಗಳಿಂದ ಸೈಕ್ಲಿಂಗ್ ಪದಕಗಳನ್ನು ತರುತ್ತ ಬಂದಿರುವ ರಾಜ್ಯದಲ್ಲಿ ಈ ಮಾತು ಇನ್ನೂ ಹೆಚ್ಚು ಜನರಿಗೆ ಗೊತ್ತಿರಬೇಕಿತ್ತು.

ಕೊನೆಯ ಐದು ವರ್ಷ ಬೇರೆ ಬಗೆಯವು. ಕಟುಷಾ ತಂಡದಲ್ಲಿ ಎರಡು ವರ್ಷ ಕಳೆದು, 2019ರಲ್ಲಿ ಯುಂಬೊ–ವಿಸ್ಮಾ ತಂಡ ಸೇರಿದರು. ಅಲ್ಲಿ ಅವರ ಕೆಲಸ ಗೆಲ್ಲುವುದಲ್ಲ, ತಂಡದ ನಾಯಕನಿಗೆ ಗಾಳಿ ತಾಗದಂತೆ ನೋಡಿಕೊಳ್ಳುವುದು. ಗುಂಪಿನ ಮುಂಚೂಣಿಯಲ್ಲಿ ನೂರಾರು ಕಿಲೋಮೀಟರ್ ಎಳೆದು, ಬೆಟ್ಟ ಆರಂಭವಾಗುವ ಹೊತ್ತಿಗೆ ಶಕ್ತಿಯೆಲ್ಲ ಮುಗಿದು ಹಿಂದೆ ಸರಿಯುವ ಇಂಥ ಸವಾರರ ಹೆಸರು ಫಲಿತಾಂಶದ ಪಟ್ಟಿಯ ಕೊನೆಯಲ್ಲಿರುತ್ತದೆ. ಸೈಕಲ್ ಓಟಗಳ ದೊಡ್ಡ ಗೆಲುವುಗಳು ನಿಲ್ಲುವುದು ಅವರ ದುಡಿಮೆಯ ಮೇಲೆ. ಒಂದು ಕಾಲದಲ್ಲಿ ತನಗಾಗಿ ಸೀಳಿದ ಗಾಳಿಯನ್ನು ಮಾರ್ಟಿನ್ ಈಗ ನಾಯಕ ಪ್ರಿಮೋಜ್ ರೋಗ್ಲಿಚ್ ಅವರಿಗಾಗಿ ಸೀಳಿದರು. ಆ ಪಾತ್ರದಲ್ಲೊಂದು ಕಪ್ಪು ಚುಕ್ಕೆಯೂ ಇದೆ: 2019ರ ಟೂರ್‌ನಲ್ಲಿ ಎದುರು ತಂಡದ ಲ್ಯೂಕ್ ರೋ ಜೊತೆ ರಸ್ತೆಯಲ್ಲೇ ತಳ್ಳಾಟಕ್ಕಿಳಿದು ಇಬ್ಬರೂ ಸ್ಪರ್ಧೆಯಿಂದ ಹೊರಹಾಕಲ್ಪಟ್ಟರು.

ಹಿರಿಯನಾಗಿ ಅವರನ್ನು ಹೆಚ್ಚು ಕಾಡಿದ್ದು ಸವಾರರ ಸುರಕ್ಷತೆ. 2020ರ ಟೂರ್‌ನ ಮೊದಲ ದಿನ ನೀಸ್ ಸುತ್ತಲ ರಸ್ತೆಗಳು ಮಳೆಗೆ ಜಾರುಬಂಡೆಯಂತಾಗಿದ್ದವು. ಇಳಿಜಾರಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾಗ ಗುಂಪಿನ ಮುಂದೆ ಬಂದ ಮಾರ್ಟಿನ್ ಎರಡೂ ತೋಳು ಚಾಚಿ, ಎಲ್ಲರೂ ನಿಧಾನಿಸುವಂತೆ ಸನ್ನೆ ಮಾಡಿದರು. ಗುಂಪು ಅವರ ಮಾತಿಗೆ ಬೆಲೆ ಕೊಟ್ಟಿತು. ಮರುವರ್ಷ ಬ್ರೆಸ್ಟ್‌ನಿಂದ ಹೊರಟ ಮೊದಲ ಹಂತದಲ್ಲಿ ಪ್ರೇಕ್ಷಕಿಯೊಬ್ಬರು ಟಿವಿ ಕ್ಯಾಮೆರಾದ ಕಡೆ ಮುಖ ಮಾಡಿ, ತಮ್ಮ ಅಜ್ಜ–ಅಜ್ಜಿಯನ್ನು ನೆನೆದು ಬರೆದ ರಟ್ಟಿನ ಫಲಕವನ್ನು ರಸ್ತೆಗೆ ಚಾಚಿ ನಿಂತಿದ್ದರು. ಅಂಚಿನಲ್ಲಿ ಬರುತ್ತಿದ್ದ ಮಾರ್ಟಿನ್ ಅದಕ್ಕೆ ಬಡಿದು ಉರುಳಿದರು, ಅವರ ಹಿಂದೆ ಹತ್ತಾರು ಮಂದಿ ರಾಶಿಯಾಗಿ ಬಿದ್ದರು. ಆ ದಿನ ಎದ್ದು ಓಟ ಮುಗಿಸಿದರಾದರೂ ಹನ್ನೊಂದನೆಯ ಹಂತದಲ್ಲಿ ಮತ್ತೆ ಬಿದ್ದು ಟೂರ್ ಬಿಡಬೇಕಾಯಿತು. ಅದೇ ವರ್ಷ, ಲಂಡನ್‌ನಲ್ಲಿ ಗೆದ್ದ ಬೆಳ್ಳಿ ಪದಕವನ್ನು ಹರಾಜಿಗಿಟ್ಟು, ಬಂದ ಹಣವನ್ನು ಕಾಯಿಲೆಬಿದ್ದ ಮಕ್ಕಳ ಕುಟುಂಬಗಳ ನೆರವಿಗೆ ಕೊಟ್ಟರು.

2021ರ ಸೆಪ್ಟೆಂಬರ್‌ನಲ್ಲಿ, ಬೆಲ್ಜಿಯಂನ ವಿಶ್ವ ಚಾಂಪಿಯನ್‌ಷಿಪ್ ತನ್ನ ಕೊನೆಯ ಕೂಟ ಎಂದು ಮಾರ್ಟಿನ್ ಪ್ರಕಟಿಸಿದರು. ಈ ಕ್ರೀಡೆಯ ಅಪಾಯಗಳಿಗೆ ಇನ್ನೂ ಮೈಯೊಡ್ಡಲು ಮನಸ್ಸಿಲ್ಲವೆಂಬುದು ಕಾರಣಗಳಲ್ಲೊಂದು. ವೈಯಕ್ತಿಕ ಟೈಮ್ ಟ್ರಯಲ್‌ನಲ್ಲಿ ಆರನೆಯವರಾದರು. ಮೂರು ದಿನಗಳ ನಂತರ, ಸೆಪ್ಟೆಂಬರ್ 22ರಂದು, ಮಿಶ್ರ ರಿಲೇ ಟೈಮ್ ಟ್ರಯಲ್. ಮೂವರು ಪುರುಷರು ಮೊದಲರ್ಧ ತುಳಿದು ಮುಗಿಸಿದ ಮೇಲೆ ಮೂವರು ಮಹಿಳೆಯರು ಉಳಿದರ್ಧಕ್ಕೆ ಹೊರಡುವ ಸ್ಪರ್ಧೆ ಅದು. ನಿಕಿಯಾಸ್ ಆರ್ಂಟ್ ಮತ್ತು ಮ್ಯಾಕ್ಸ್ ವಾಲ್‌ಷೈಡ್ ಜೊತೆ ಸರದಿಯ ಮೇಲೆ ಗಾಳಿಗೆ ಎದುರಾಗುತ್ತ ಮಾರ್ಟಿನ್ ತಮ್ಮ ಪಾಲಿನ ದೂರ ಮುಗಿಸಿ ಸೈಕಲ್‌ನಿಂದ ಇಳಿದರು. ಉಳಿದದ್ದನ್ನು ಲೀಸಾ ಬ್ರೆನಾವರ್, ಲೀಸಾ ಕ್ಲೈನ್ ಮತ್ತು ಮೀಕೆ ಕ್ರೋಗರ್ ತುಳಿದರು. ನೆದರ್‌ಲ್ಯಾಂಡ್ಸ್ ತಂಡ ಸುಮಾರು 13 ಸೆಕೆಂಡ್ ಹಿಂದೆ ಉಳಿಯಿತು, ಜರ್ಮನಿಗೆ ಚಿನ್ನ ಬಂತು. 36ರ ಮಾರ್ಟಿನ್ ಆ ಗೆಲುವಿನೊಂದಿಗೆ ಸ್ಪರ್ಧೆಯಿಂದ ನಿವೃತ್ತರಾದರು.